ತುರ್ತು ಕರೆ ಮಾಡಿದವರ ಜಾಗ ಪತ್ತೆ: ಫೋನಿನೊಳಗಿನ ಲೊಕೇಶನ್ ಸೇವೆ ಎಷ್ಟು ನಂಬಿಕೆಗೆ ಅರ್ಹ?

ತುರ್ತು ಸಂಖ್ಯೆಯ ಕಂಟ್ರೋಲ್ ರೂಮಿನಲ್ಲಿ ಕರೆ ಎತ್ತಿಕೊಂಡವರು ಮೊದಲು ಕೇಳುವುದು ಜಾಗವನ್ನು, ಆಮೇಲೆ ಏನಾಯಿತೆಂದು. ಅರ್ಧಕ್ಕೇ ಕರೆ ಕಡಿದುಹೋದರೂ ಜಾಗ ಗೊತ್ತಿದ್ದರೆ ಯಾರನ್ನಾದರೂ ಕಳಿಸಬಹುದು. ಜಾಗ ಗೊತ್ತಿಲ್ಲದಿದ್ದರೆ ಉಳಿದ ವಿವರವೆಲ್ಲ ಕೈಯಲ್ಲಿದ್ದರೂ ಗಾಡಿ ಹೊರಡುವುದಿಲ್ಲ. ತಂತಿಯ ಫೋನಿನ ಕಾಲದಲ್ಲಿ ಇದು ತೊಡಕಾಗಿರಲಿಲ್ಲ. ನಂಬರಿಗೊಂದು ವಿಳಾಸ ಕಂಪನಿಯ ದಾಖಲೆಯಲ್ಲೇ ಇರುತ್ತಿತ್ತು. ಮೊಬೈಲ್ ಬಂದ ಮೇಲೆ ನಂಬರಿಗೂ ಜಾಗಕ್ಕೂ ಇದ್ದ ನಂಟು ಹರಿದುಹೋಯಿತು. ಹೆದ್ದಾರಿಯಲ್ಲಿ ಗಾಡಿ ಮಗುಚಿದವರಿಗೆ, ಗುಡ್ಡದಲ್ಲಿ ದಾರಿ ತಪ್ಪಿದವರಿಗೆ ತಾವಿರುವ ಜಾಗದ ಹೆಸರೇ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಗಾಬರಿಯಲ್ಲಿ ಬಾಯಿಗೆ ಬರುವುದಿಲ್ಲ.

ಈ ಕೊರತೆ ತುಂಬಲು ಈಗಿನ ಫೋನುಗಳಲ್ಲಿ ಸದ್ದಿಲ್ಲದೆ ಕೂತಿರುವ ಸೇವೆಯೇ ಇಲ್ಲಿನ ವಿಮರ್ಶೆಯ ವಸ್ತು. ಅದರ ಮೂಲ ವ್ಯವಸ್ಥೆಯ ಹೆಸರು ಅಡ್ವಾನ್ಸ್‌ಡ್ ಮೊಬೈಲ್ ಲೊಕೇಶನ್, ಚಿಕ್ಕದಾಗಿ ಎಎಂಎಲ್. 2014ರಲ್ಲಿ ಬ್ರಿಟನ್ನಿನಲ್ಲಿ ದೂರಸಂಪರ್ಕ ಕಂಪನಿಗಳಾದ ಬಿಟಿ, ಇಇ ಮತ್ತು ಫೋನ್ ತಯಾರಿಸುವ ಎಚ್‌ಟಿಸಿ ಸೇರಿ ಇದನ್ನು ಶುರುಮಾಡಿದವು. 2016ರಲ್ಲಿ ಗೂಗಲ್ ಇದನ್ನೇ ಎಮರ್ಜೆನ್ಸಿ ಲೊಕೇಶನ್ ಸರ್ವಿಸ್, ಅಂದರೆ ಇಎಲ್‌ಎಸ್ ಎಂಬ ಹೆಸರಿನಲ್ಲಿ ಆಂಡ್ರಾಯ್ಡ್‌ಗೆ ತಂದಿತು. 2018ರಲ್ಲಿ ಐಒಎಸ್ 11.3ರ ಜೊತೆ ಐಫೋನಿಗೂ ಬಂತು. ಇದರ ಜೊತೆಗೆ ಹಳೆಯ ಟವರ್ ವಿಧಾನ, ಪ್ರತ್ಯೇಕ ಆ್ಯಪ್‌ಗಳು ಮತ್ತು ಟವರ್ ಇಲ್ಲದಲ್ಲಿ ನೆರವು ಕೇಳುವ ಉಪಗ್ರಹದ ಎಸ್‌ಒಎಸ್ ಸೇವೆಯನ್ನೂ ಪಕ್ಕದಲ್ಲಿಟ್ಟು ನೋಡಿದ್ದೇವೆ.

ಅಂಕ ಮೊದಲೇ ಹೇಳಿಬಿಡುತ್ತೇವೆ: ಎಎಂಎಲ್‌ಗೆ ಐದಕ್ಕೆ ನಾಲ್ಕು. ಕರೆ ಮಾಡುವವರಿಂದ ಏನನ್ನೂ ಬೇಡದೆ ಇಷ್ಟು ನಿಖರವಾಗಿ ಜಾಗ ತಿಳಿಸುವ ಸೇವೆ ಇದೊಂದೇ, ಅದಕ್ಕೇ ಈ ನಾಲ್ಕು. ಕಳೆದ ಒಂದು ಅಂಕಕ್ಕೆ ಕಾರಣಗಳು ಹಲವು, ಅವು ಮುಂದೆ ಬರುತ್ತವೆ. ಆದರೆ ಒಂದು ಷರತ್ತು: ಕಂಟ್ರೋಲ್ ರೂಮಿನ ಪರದೆಯ ಮೇಲೆ ಬಿದ್ದ ಚುಕ್ಕೆಯನ್ನು ಅದರ ಸುತ್ತಲಿನ ವೃತ್ತದ ಅಳತೆ, ಸಮಯ, ಮೂಲ ಈ ಮೂರನ್ನು ಬಿಟ್ಟು ಓದುವವರಿಗೆ ಇದು ಎರಡು ಅಂಕದ ಸೇವೆ.

ಡಯಲ್ ಒತ್ತಿದ ಮೇಲೆ ಏನಾಗುತ್ತದೆ

ತುರ್ತು ಸಂಖ್ಯೆಗೆ ಕರೆ ಹೋಗುತ್ತಿದೆ ಎಂದು ಫೋನಿನ ಕಾರ್ಯವ್ಯವಸ್ಥೆ ಗುರುತಿಸುತ್ತದೆ. ಲೊಕೇಶನ್ ಆಫ್ ಆಗಿದ್ದರೂ ಆ ಕರೆಯ ಮಟ್ಟಿಗೆ ಅದನ್ನು ತಾನೇ ಆನ್ ಮಾಡುತ್ತದೆ. ಉಪಗ್ರಹ, ವೈಫೈ, ಟವರ್ ಮೂರನ್ನೂ ಒಟ್ಟಿಗೆ ಹುಡುಕತೊಡಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಕೊಟ್ಟಿರುವ ಗಡುವು 20 ಸೆಕೆಂಡು. ಅಷ್ಟರೊಳಗೆ ಸಿಕ್ಕ ಅತ್ಯುತ್ತಮ ಉತ್ತರವನ್ನು ಒಂದು ಎಸ್‌ಎಂಎಸ್‌ನಲ್ಲಿ ಕಟ್ಟಿ ತುರ್ತು ಕೇಂದ್ರದ ಸರ್ವರಿಗೆ ಕಳಿಸುತ್ತದೆ. ಕೆಲವು ಕಡೆ ಎಸ್‌ಎಂಎಸ್ ಬದಲು ಇಂಟರ್‌ನೆಟ್ ಮೂಲಕ ಸುರಕ್ಷಿತ ಸಂಪರ್ಕದಲ್ಲಿ (ಎಚ್‌ಟಿಟಿಪಿಎಸ್) ಹೋಗುತ್ತದೆ. ನಂತರ ಲೊಕೇಶನ್ ಮೊದಲಿನ ಸ್ಥಿತಿಗೆ ಮರಳುತ್ತದೆ. ಕಳಿಸಿದ ಸಂದೇಶಗಳ ಪಟ್ಟಿಯಲ್ಲಿ ಹುಡುಕಿದರೆ ಇದು ಸಿಗುವುದಿಲ್ಲ. ಕರೆಯಲ್ಲಿ ಮಾತಾಡುತ್ತಿರುವವರಿಗೆ ಇಷ್ಟೆಲ್ಲ ನಡೆದದ್ದರ ಸುಳಿವೂ ಇರುವುದಿಲ್ಲ.

ಆ ಎಸ್‌ಎಂಎಸ್‌ನ ಒಳಗೆ ಇರುವುದು ಸೆಮಿಕೋಲನ್ ಹಾಕಿ ಬೇರ್ಪಡಿಸಿದ ಪುಟ್ಟ ಪುಟ್ಟ ತುಣುಕುಗಳು. ‘ಎಲ್‌ಟಿ’ ಅಕ್ಷಾಂಶ, ‘ಎಲ್‌ಜಿ’ ರೇಖಾಂಶ, ಎರಡಕ್ಕೂ ದಶಾಂಶದ ನಂತರ ಐದು ಅಂಕಿ. ‘ಆರ್‌ಡಿ’ ಎಂದರೆ ವೃತ್ತದ ತ್ರಿಜ್ಯ, ಮೀಟರಿನಲ್ಲಿ. ‘ಎಲ್‌ಸಿ’ ಎಂದರೆ ಆ ವೃತ್ತದೊಳಗೆ ವ್ಯಕ್ತಿ ಇರುವ ಸಂಭವ ಶೇಕಡಾ ಎಷ್ಟು ಎಂಬುದು. ‘ಟಿಓಪಿ’ ಜಾಗ ಗುರುತಿಸಿದ ದಿನಾಂಕ, ಗಂಟೆ, ನಿಮಿಷ, ಸೆಕೆಂಡು, ಎಲ್ಲ ಒಂದೇ ಸಾಲಾಗಿ. ‘ಪಿಎಂ’ ಯಾವ ವಿಧಾನ ಎಂಬುದು: ಜಿ ಎಂದಿದ್ದರೆ ಉಪಗ್ರಹ, ಡಬ್ಲ್ಯೂ ಎಂದಿದ್ದರೆ ವೈಫೈ, ಸಿ ಎಂದಿದ್ದರೆ ಟವರ್, ಎನ್ ಎಂದಿದ್ದರೆ ಏನೂ ಸಿಗಲಿಲ್ಲ. ಇವುಗಳ ಜೊತೆ ಸಿಮ್ ಮತ್ತು ಹ್ಯಾಂಡ್‌ಸೆಟ್‌ನ ಗುರುತಿನ ಸಂಖ್ಯೆಗಳು, ದೇಶ ಮತ್ತು ನೆಟ್‌ವರ್ಕ್‌ನ ಸಂಕೇತ, ಕೊನೆಗೆ ಸಂದೇಶದ ಒಟ್ಟು ಉದ್ದ. ಇಷ್ಟೂ ಒಂದೇ ಎಸ್‌ಎಂಎಸ್‌ನಲ್ಲಿ ಹಿಡಿಯುತ್ತದೆ. ಇಂಥ ಅಚ್ಚುಕಟ್ಟು ಮಾನದಂಡಗಳಲ್ಲಿ ಅಪರೂಪ.

‘ಆರ್‌ಡಿ 50, ಎಲ್‌ಸಿ 90, ಪಿಎಂ ಡಬ್ಲ್ಯೂ’ ಎಂದು ಬಂದರೆ ಅರ್ಥ ಇಷ್ಟು: ವೈಫೈ ಆಧಾರದ ಮೇಲೆ 50 ಮೀಟರ್ ತ್ರಿಜ್ಯದ ವೃತ್ತದೊಳಗೆ ಕರೆ ಮಾಡಿದವರು ಇರುವ ಸಂಭವ ನೂರಕ್ಕೆ ತೊಂಬತ್ತು. ಉಳಿದ ಹತ್ತರಲ್ಲಿ ಅವರು ವೃತ್ತದ ಹೊರಗೇ ಇದ್ದಾರೆ. ವೃತ್ತದ ನಡುಬಿಂದುವಿನಲ್ಲಿ ಇದ್ದಾರೆಂದು ಈ ಸಂದೇಶ ಎಲ್ಲೂ ಹೇಳಿಲ್ಲ. ನಕ್ಷೆಯ ತಂತ್ರಾಂಶ ಮಾತ್ರ ನಡುಬಿಂದುವಿಗೇ ಕೆಂಪು ಪಿನ್ ಚುಚ್ಚುತ್ತದೆ. ಪಿನ್ ಬಿದ್ದ ಮನೆಯ ಬಾಗಿಲು ಬಡಿದು, ಯಾರೂ ಇಲ್ಲವೆಂದು ಗಾಡಿ ವಾಪಸಾಗುವ ಎಡವಟ್ಟು ಹುಟ್ಟುವುದೇ ಇಲ್ಲಿ. ವೃತ್ತವನ್ನು ತೋರಿಸದೆ ಪಿನ್ ಮಾತ್ರ ತೋರಿಸುವ ಪರದೆಯನ್ನು ಯಾವ ಕಂಟ್ರೋಲ್ ರೂಮೂ ಒಪ್ಪಿಕೊಳ್ಳಬಾರದು.

ಇನ್ನೊಂದು ಸೂಕ್ಷ್ಮ ಇದೆ. ಮಾತಿನ ಕರೆ ಒಂದು ದಾರಿಯಲ್ಲಿ, ಲೊಕೇಶನ್ ಸಂದೇಶ ಇನ್ನೊಂದು ದಾರಿಯಲ್ಲಿ ಬರುತ್ತದೆ. ಎರಡನ್ನೂ ಮೊಬೈಲ್ ನಂಬರ್ ನೋಡಿ ಸರ್ವರ್ ಜೋಡಿಸುತ್ತದೆ. ಹಾಗಾಗಿ ಕರೆ ಎತ್ತಿದ ಕ್ಷಣಕ್ಕೆ ಪರದೆಯಲ್ಲಿ ಇರುವುದು ಟವರಿನ ದೊಡ್ಡ ವೃತ್ತ ಮಾತ್ರ. ಅರ್ಧ ನಿಮಿಷದ ಆಸುಪಾಸಿನಲ್ಲಿ ಎಎಂಎಲ್ ವೃತ್ತ ಬಂದು ಅದರ ಜಾಗ ಹಿಡಿಯಬೇಕು. ಪರದೆ ತಾನಾಗಿ ಹೊಸದಾಗದ ತಂತ್ರಾಂಶವಿದ್ದರೆ ಸಿಬ್ಬಂದಿಯೇ ರಿಫ್ರೆಶ್ ಒತ್ತಬೇಕಾಗುತ್ತದೆ. ಒತ್ತದಿದ್ದರೆ ಒಳ್ಳೆಯ ಉತ್ತರ ಸರ್ವರಿನಲ್ಲೇ ಕೂತಿರುತ್ತದೆ, ಕೆಟ್ಟ ಉತ್ತರದ ಮೇಲೆ ಗಾಡಿ ಹೊರಟಿರುತ್ತದೆ.

ಟವರ್ ಎಂಬ ಹಳೆಯ ಆಸರೆ

ಎಎಂಎಲ್ ಬರದಿದ್ದಾಗ ಉಳಿಯುವುದು ಟವರ್. ಸಾಮಾನ್ಯ ಟವರಿಗೆ ಮೂರು ಸೆಕ್ಟರ್, ಒಂದೊಂದೂ 120 ಡಿಗ್ರಿ. ಫೋನು ಯಾವ ಸೆಕ್ಟರಿನಲ್ಲಿದೆ ಎಂಬುದು ನೆಟ್‌ವರ್ಕ್‌ಗೆ ಗೊತ್ತು. ಸಿಗ್ನಲ್ ಹೋಗಿಬರಲು ಹಿಡಿದ ಸಮಯದಿಂದ ದೂರವೂ ಸುಮಾರಾಗಿ ಸಿಗುತ್ತದೆ. ಹಳೆಯ ಜಿಎಸ್‌ಎಂ ಜಾಲದಲ್ಲಿ ಈ ಅಳತೆಯ ಒಂದು ಹೆಜ್ಜೆ ಸುಮಾರು 550 ಮೀಟರ್. ನಾಲ್ಕನೇ ತಲೆಮಾರಿನ ಎಲ್‌ಟಿಇಯಲ್ಲಿ ಸುಮಾರು 78 ಮೀಟರ್. ‘78 ಮೀಟರ್ ನಿಖರತೆ’ ಎಂದು ಕೇಳಿದರೆ ಭಾರಿ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ: ಫೋನು ಟವರಿನಿಂದ 5 ಕಿಲೋಮೀಟರ್ ದೂರದಲ್ಲಿದ್ದರೆ 120 ಡಿಗ್ರಿಯ ಕಮಾನಿನ ಉದ್ದವೇ ಹತ್ತು ಕಿಲೋಮೀಟರ್ ದಾಟುತ್ತದೆ. ಅಗಲ 78 ಮೀಟರ್, ಉದ್ದ ಹತ್ತು ಕಿಲೋಮೀಟರ್; ಆ ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ ಮನುಷ್ಯ ಬಿದ್ದಿದ್ದಾನೆ.

ಫೋನು ಹತ್ತಿರದ ಟವರಿಗೇ ಅಂಟಿಕೊಂಡಿರುತ್ತದೆ ಎಂಬ ನಂಬಿಕೆಯೂ ಸುಳ್ಳು. ಎತ್ತರದ ಕಟ್ಟಡದ ಮೇಲ್ಮಹಡಿಯಿಂದ ದೂರದ ಟವರ್ ಚೆನ್ನಾಗಿ ಕಾಣುತ್ತದೆ, ಕಾಲಬುಡದ ಟವರಿನ ಆಂಟೆನಾ ಕೆಳಮುಖವಾಗಿರುವುದರಿಂದ ಸಿಗುವುದೇ ಇಲ್ಲ. ನೀರಿನ ಮೇಲೆ ಸಿಗ್ನಲ್ ಬಹುದೂರ ಹರಿಯುತ್ತದೆ; ಕೆರೆಯ ಈ ದಡದಲ್ಲಿರುವ ಫೋನು ಆ ದಡದ ಟವರನ್ನು ಹಿಡಿದರೆ ಗಾಡಿ ಆ ದಡಕ್ಕೆ ಹೋಗಿ ನಿಲ್ಲುತ್ತದೆ. ಕಣಿವೆಗಳಲ್ಲೂ ಇದೇ ಕಥೆ. ಹತ್ತಿರದ ಟವರ್ ತುಂಬಿ ತುಳುಕುತ್ತಿದ್ದಾಗ ಕರೆ ಪಕ್ಕದ್ದಕ್ಕೆ ಜಾರುವುದೂ ಉಂಟು.

ಹಾಗೆಂದು ಟವರ್ ಮಾಹಿತಿ ತಿಪ್ಪೆಗೆ ಹಾಕುವಂಥದ್ದಲ್ಲ. ಯಾವ ಫೋನಾದರೂ ಸರಿ, ಬಟನ್ ಫೋನಾದರೂ ಸರಿ, ಕರೆ ಹತ್ತಿದ ಕೂಡಲೇ ಸಿಗುವುದು ಇದೊಂದೇ. ಕರೆಯನ್ನು ಯಾವ ಕಂಟ್ರೋಲ್ ರೂಮಿಗೆ ತಿರುಗಿಸಬೇಕೆಂದು ನಿರ್ಧರಿಸುವುದೂ ಬಹುಪಾಲು ಇದರ ಮೇಲೆಯೇ. ಹುಡುಕುವ ಕೆಲಸಕ್ಕೆ ಐದಕ್ಕೆ ಒಂದೂವರೆ, ದಾರಿ ತೋರುವ ಕೆಲಸಕ್ಕೆ ನಾಲ್ಕು.

ವ್ಯತ್ಯಾಸ ಎಷ್ಟು ದೊಡ್ಡದೆಂದರೆ, 2 ಕಿಲೋಮೀಟರ್ ತ್ರಿಜ್ಯದ ಟವರ್ ವೃತ್ತದ ವಿಸ್ತೀರ್ಣ 30 ಮೀಟರ್ ತ್ರಿಜ್ಯದ ವೃತ್ತಕ್ಕಿಂತ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು. ತ್ರಿಜ್ಯ ಅರವತ್ತೇಳು ಪಟ್ಟು ಕುಗ್ಗಿದರೆ ಹುಡುಕಬೇಕಾದ ನೆಲ ಇಷ್ಟು ಕುಗ್ಗುತ್ತದೆ. ಜಾಹೀರಾತಿನಲ್ಲಿ ‘ಸಾವಿರಾರು ಪಟ್ಟು ನಿಖರ’ ಎಂದು ಕಂಡರೆ ಅದು ವಿಸ್ತೀರ್ಣದ ಲೆಕ್ಕವೋ ದೂರದ ಲೆಕ್ಕವೋ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಉಪಗ್ರಹ ಕೈಕೊಡುವುದು ಯಾವಾಗ

ಬಯಲಿನಲ್ಲಿ ಉಪಗ್ರಹದ ಉತ್ತರಕ್ಕೆ ಸಾಟಿ ಇಲ್ಲ. ತೊಂದರೆ ಶುರುವಾಗುವುದು ಎರಡು ಕಡೆ.

ಮೊದಲನೆಯದು ಸಮಯ. ಜಾಗ ಲೆಕ್ಕ ಹಾಕಲು ಕನಿಷ್ಠ ನಾಲ್ಕು ಉಪಗ್ರಹ ಬೇಕು, ಒಂದೊಂದೂ ಆ ಗಳಿಗೆಯಲ್ಲಿ ಆಕಾಶದ ಯಾವ ಜಾಗದಲ್ಲಿದೆ ಎಂಬ ವಿವರವೂ ಬೇಕು. ಜಿಪಿಎಸ್ ಉಪಗ್ರಹ ಈ ವಿವರವನ್ನು ಸೆಕೆಂಡಿಗೆ 50 ಬಿಟ್ ವೇಗದಲ್ಲಿ ಆಮೆಯಂತೆ ಬಿತ್ತರಿಸುತ್ತದೆ. ಒಂದು ಸುತ್ತು ಮುಗಿಯಲು 30 ಸೆಕೆಂಡು. ಎಎಂಎಲ್ ಗಡುವು 20 ಸೆಕೆಂಡು ಎಂಬುದನ್ನು ನೆನಪಿಡಿ. ತಾಸುಗಟ್ಟಲೆ ಆಫ್ ಆಗಿದ್ದು ಈಗಷ್ಟೇ ಆನ್ ಆದ ಫೋನು ಬರೀ ಆಕಾಶವನ್ನೇ ನಂಬಿಕೊಂಡರೆ ಗಡುವಿನೊಳಗೆ ಉತ್ತರ ಕೊಡುವುದು ಕಷ್ಟ. ಅದಕ್ಕೇ ಫೋನುಗಳು ಆ ವಿವರವನ್ನು ಮೊಬೈಲ್ ಡೇಟಾ ಮೂಲಕ ಮೊದಲೇ ಇಳಿಸಿಕೊಳ್ಳುತ್ತವೆ. ಆಗ ಕೆಲವೇ ಸೆಕೆಂಡಿನಲ್ಲಿ ಜಾಗ ಸಿಗುತ್ತದೆ. ಡೇಟಾ ಇಲ್ಲದ ಮೂಲೆಯಲ್ಲಿ, ತುಂಬ ಹೊತ್ತು ಆಫ್ ಆಗಿದ್ದ ಫೋನಿನಿಂದ ಬಂದ ಸಂದೇಶದಲ್ಲಿ ‘ಪಿಎಂ ಸಿ’ ಕಂಡರೆ ಆಶ್ಚರ್ಯ ಪಡಬೇಕಿಲ್ಲ. ಅಂಥ ಕರೆಯಲ್ಲಿ ಕರೆ ಮಾಡಿದವರನ್ನು ಬಯಲಿಗೆ ಬರಹೇಳಿ, ಒಂದೆರಡು ನಿಮಿಷ ಬಿಟ್ಟು ನಕ್ಷೆಯ ಆ್ಯಪ್ ತೆರೆಸಿ ಅಂಕಿ ಓದಿಸುವುದು ಎಷ್ಟೋ ಮೇಲು.

ಎರಡನೆಯದು ಗೋಡೆ. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ನೇರ ಬರದೆ ಗಾಜಿಗೆ, ಕಾಂಕ್ರೀಟಿಗೆ ಬಡಿದು ಸುತ್ತಿ ಬರುತ್ತದೆ. ದಾರಿ ಉದ್ದವಾದಷ್ಟೂ ಫೋನು ತಾನಿರುವ ಜಾಗವನ್ನು ತಪ್ಪು ತಿಳಿಯುತ್ತದೆ. ಹತ್ತಾರು ಮೀಟರ್ ಪಕ್ಕದ ಬೀದಿಗೆ ಜಾರುವುದು ಸಾಮಾನ್ಯ. ನಗರದಲ್ಲಿ ಇದು ಒಂದು ಬೀದಿಯ ತಪ್ಪು. ನಡುವೆ ವಿಭಜಕವಿರುವ ಹೆದ್ದಾರಿಯಲ್ಲಿ ಇದೇ ಇಪ್ಪತ್ತು ಮೀಟರ್ ಎದುರು ದಿಕ್ಕಿನ ರಸ್ತೆಯಾಗುತ್ತದೆ. ಅಲ್ಲಿಂದ ತಿರುವು ಹುಡುಕಿ ವಾಪಸು ಬರಲು ಕಿಲೋಮೀಟರುಗಟ್ಟಲೆ ಸುತ್ತು. ಆದ್ದರಿಂದ ಹೆದ್ದಾರಿಯ ಕರೆಯಲ್ಲಿ ಚುಕ್ಕೆ ಎಷ್ಟೇ ಸಣ್ಣದಿರಲಿ, ‘ಯಾವ ಕಡೆಗೆ ಹೋಗುತ್ತಿದ್ದಿರಿ’ ಎಂದು ಕೇಳಲೇಬೇಕು.

ಮನೆಯೊಳಗೆ ಉಪಗ್ರಹ ಸೋತಲ್ಲಿ ವೈಫೈ ಗೆಲ್ಲುತ್ತದೆ. ಫೋನು ಸುತ್ತಲಿನ ರೂಟರುಗಳ ಗುರುತಿನ ಸಂಖ್ಯೆಯನ್ನು ಕೇಳಿಸಿಕೊಂಡು, ಯಾವ ರೂಟರ್ ಎಲ್ಲಿದೆ ಎಂಬ ದೊಡ್ಡ ಪಟ್ಟಿಯೊಡನೆ ಹೊಂದಿಸುತ್ತದೆ. ಯಾವ ವೈಫೈಗೂ ಕನೆಕ್ಟ್ ಆಗಿರಬೇಕಿಲ್ಲ, ಪಾಸ್‌ವರ್ಡೂ ಬೇಕಿಲ್ಲ, ಆ ಸಂಖ್ಯೆ ಕೇಳಿಸಿದರೆ ಸಾಕು. ದಟ್ಟ ಬಡಾವಣೆಯಲ್ಲಿ ಇದರ ಉತ್ತರ ಚೆನ್ನಾಗಿರುತ್ತದೆ. ಒಂಟಿ ಮನೆಯಲ್ಲಿ ಒಂದೇ ರೂಟರ್ ಇದ್ದು, ಮನೆಯವರು ಈಚೆಗೆ ಊರು ಬದಲಿಸಿ ರೂಟರನ್ನೂ ಹೊತ್ತು ತಂದಿದ್ದರೆ ಪಟ್ಟಿ ಇನ್ನೂ ಹಳೆಯ ಮನೆಯನ್ನೇ ತೋರಿಸಬಹುದು. ಟವರಿನ ವೃತ್ತ ಒಂದು ಕಡೆ, ವೈಫೈ ಚುಕ್ಕೆ ಅದರಿಂದ ನೂರಾರು ಕಿಲೋಮೀಟರ್ ಆಚೆ ಬಿದ್ದಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಎರಡನ್ನೂ ಒಂದೇ ನಕ್ಷೆಯಲ್ಲಿ ಇಟ್ಟು ನೋಡುವ ಅಭ್ಯಾಸ ಇದ್ದರೆ ಈ ತಪ್ಪು ಒಂದು ಕ್ಷಣದಲ್ಲಿ ಕಣ್ಣಿಗೆ ಬೀಳುತ್ತದೆ.

ಎಷ್ಟನೇ ಮಹಡಿ?

ಎಎಂಎಲ್‌ನ ಸಾದಾ ಎಸ್‌ಎಂಎಸ್‌ನಲ್ಲಿ ಎತ್ತರವಿಲ್ಲ. ಇಪ್ಪತ್ತು ಮಹಡಿಯ ಕಟ್ಟಡದ ಮೇಲೆ ಹತ್ತು ಮೀಟರ್ ವೃತ್ತ ಬಿದ್ದರೂ ಬಾಗಿಲು ಯಾವುದೆಂದು ತಿಳಿಯುವುದಿಲ್ಲ. ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ 2019ರ ನವೆಂಬರ್‌ನಲ್ಲಿ ಇದಕ್ಕೊಂದು ಅಳತೆಗೋಲು ಇಟ್ಟಿತು: ಎತ್ತರ ತಿಳಿಸಬಲ್ಲ ಫೋನುಗಳಿಂದ ಬರುವ ಕರೆಗಳಲ್ಲಿ ಶೇಕಡಾ 80ರಷ್ಟಕ್ಕೆ 3 ಮೀಟರ್ ಹೆಚ್ಚುಕಡಿಮೆಯೊಳಗೆ ಎತ್ತರ ಸಿಗಬೇಕು. ಮೂರು ಮೀಟರ್ ಎಂದರೆ ಹೆಚ್ಚುಕಡಿಮೆ ಒಂದು ಮಹಡಿ. ಅದಕ್ಕೂ ಮೊದಲು 2015ರಲ್ಲಿ ಅದೇ ಸಂಸ್ಥೆ ಅಡ್ಡಳತೆಗೆ 50 ಮೀಟರಿನ ಗುರಿ ಇಟ್ಟು, ಆರು ವರ್ಷದೊಳಗೆ ಶೇಕಡಾ 80ರಷ್ಟು ಕರೆಗಳು ಅದನ್ನು ಮುಟ್ಟಬೇಕೆಂದಿತ್ತು.

ಎತ್ತರ ಅಳೆಯುವುದು ಫೋನಿನೊಳಗಿನ ಪುಟ್ಟ ವಾಯುಭಾರಮಾಪಕ. ಸಮುದ್ರಮಟ್ಟದ ಹತ್ತಿರ ಗಾಳಿಯ ಒತ್ತಡ ಒಂದು ಹೆಕ್ಟೋಪಾಸ್ಕಲ್ ಇಳಿದರೆ ಸುಮಾರು 8 ಮೀಟರ್ ಮೇಲೇರಿದಂತೆ. ಹವೆ ಬದಲಾದರೆ ಒಂದೇ ದಿನದಲ್ಲಿ ಒತ್ತಡ ಹಲವು ಹೆಕ್ಟೋಪಾಸ್ಕಲ್ ಏರಿಳಿಯುತ್ತದೆ. ಹತ್ತಿರದ ಹವಾಮಾನ ಕೇಂದ್ರದ ಅಳತೆಯೊಡನೆ ತಾಳೆ ನೋಡದಿದ್ದರೆ ಮಳೆಗಾಲದ ಒಂದು ಸಂಜೆ ನೆಲಮಹಡಿಯವರನ್ನು ನಾಲ್ಕನೆಯದಕ್ಕೆ ಏರಿಸಿಬಿಡಬಹುದು. ದೊಡ್ಡ ಹವಾನಿಯಂತ್ರಕಗಳು ಕಟ್ಟಡದೊಳಗಿನ ಒತ್ತಡವನ್ನೇ ಕೊಂಚ ಬದಲಿಸುತ್ತವೆ. ಇವೆಲ್ಲ ಸರಿಯಾದರೂ ಕೈಗೆ ಬರುವುದು ಮೀಟರಿನ ಅಂಕಿ, ಅದೂ ನೆಲದಿಂದಲ್ಲ, ಭೂಮಿಗೆ ಗಣಿತದಲ್ಲಿ ಕಲ್ಪಿಸಿದ ನಯವಾದ ಮೇಲ್ಮೈಯಿಂದ ಅಳೆದದ್ದು. ಅದನ್ನು ‘ಏಳನೇ ಮಹಡಿ’ ಎಂದು ಓದಲು ಆ ಕಟ್ಟಡದ ಬುಡದ ಎತ್ತರವೂ ಮಹಡಿಯ ಎತ್ತರವೂ ಗೊತ್ತಿರಬೇಕು. ಸದ್ಯಕ್ಕೆ ಬಾಯಲ್ಲಿ ಹೇಳುವ ಮಹಡಿ ಸಂಖ್ಯೆಗೆ ಬದಲಿ ಇಲ್ಲ. ಈ ವಿಭಾಗಕ್ಕೆ ಎರಡು ಅಂಕ, ಅದೂ ಪ್ರಯತ್ನ ಮೆಚ್ಚಿ.

ಸಂದೇಶವೇ ಹೋಗದ ಸಂದರ್ಭಗಳು

ಇಷ್ಟು ಹೊಗಳಿದ ಸೇವೆ ಕೆಲವು ಕಡೆ ಪೂರ್ತಿ ಮೌನವಾಗುತ್ತದೆ, ಮತ್ತು ಆ ಮೌನ ಕರೆ ಮಾಡಿದವರಿಗೆ ತಿಳಿಯುವುದಿಲ್ಲ. ನಮ್ಮ ಮುಖ್ಯ ತಕರಾರು ಇದೇ.

ಆ ಜಾಗದ ತುರ್ತು ಕೇಂದ್ರ ಎಎಂಎಲ್ ಸ್ವೀಕರಿಸುವ ಸರ್ವರ್ ಇಟ್ಟಿರದಿದ್ದರೆ ಫೋನು ಏನನ್ನೂ ಕಳಿಸುವುದಿಲ್ಲ. ಫೋನು ಎಷ್ಟೇ ಹೊಸದಿರಲಿ, ದುಬಾರಿಯದಿರಲಿ, ಇದು ಬದಲಾಗದು. ಐರೋಪ್ಯ ಒಕ್ಕೂಟ ಈ ಗಂಟನ್ನು ಎರಡೂ ತುದಿಯಿಂದ ಬಿಚ್ಚಿತು: 2018ರ ಸಂವಹನ ಸಂಹಿತೆಯಲ್ಲಿ ಫೋನಿನಿಂದಲೇ ಬರುವ ಸ್ಥಳಮಾಹಿತಿಯನ್ನು ತುರ್ತು ಕೇಂದ್ರಗಳಿಗೆ ತಲುಪಿಸಬೇಕೆಂದು ಸದಸ್ಯ ದೇಶಗಳಿಗೆ ವಿಧಿಸಿತು, 2022ರ ಮಾರ್ಚ್ 17ರಿಂದ ಅಲ್ಲಿನ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನುಗಳು ವೈಫೈ ಜೊತೆಗೆ ಯುರೋಪಿನದೇ ಆದ ಗೆಲಿಲಿಯೋ ಉಪಗ್ರಹಗಳನ್ನೂ ಬಳಸಬಲ್ಲಂತಿರಬೇಕೆಂದಿತು. ಒಂದು ತುದಿ ಮಾತ್ರ ಬಿಗಿಮಾಡಿದರೆ ಈ ಸೇವೆ ಓಡುವುದಿಲ್ಲ.

ಸಿಮ್ ಇಲ್ಲದ ಫೋನಿನಿಂದ, ಅಥವಾ ತಮ್ಮ ಕಂಪನಿಯ ಸಿಗ್ನಲ್ ಇಲ್ಲದೆ ಬೇರೆ ಕಂಪನಿಯ ಟವರ್ ಹಿಡಿದು ಮಾಡುವ ತುರ್ತು ಕರೆ ಹಲವು ದೇಶಗಳಲ್ಲಿ ಹತ್ತುತ್ತದೆ. ಆದರೆ ಫೋನು ಆ ಜಾಲದಲ್ಲಿ ನೋಂದಣಿಯಾಗಿರುವುದಿಲ್ಲ, ಆದ್ದರಿಂದ ಎಸ್‌ಎಂಎಸ್ ಹೋಗುವುದಿಲ್ಲ. ಕೇಂದ್ರದವರು ವಾಪಸು ಕರೆ ಮಾಡುವಂತೆಯೂ ಇಲ್ಲ. ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದು ಪರದೆಯಲ್ಲಿ ಕಂಡಾಗ ಮಾಡುವ ಕರೆ ಈ ಜಾತಿಯದು. ಅಲ್ಲಿ ಮೊದಲ ವಾಕ್ಯದಲ್ಲೇ ಜಾಗ ಹೇಳಬೇಕು.

ರೋಮಿಂಗ್‌ನಲ್ಲಿ ಎಸ್‌ಎಂಎಸ್ ತವರಿನ ಕಂಪನಿಯ ಕೇಂದ್ರಕ್ಕೆ ಹೋಗಿ ಅಲ್ಲಿಂದ ತಿರುಗಿ ಬರಬೇಕು. ತುರ್ತು ಕೇಂದ್ರದ ಚಿಕ್ಕ ಸಂಖ್ಯೆ ಪರದೇಶದ ಕಂಪನಿಗೆ ಅರ್ಥವಾಗದೆ ಸಂದೇಶ ದಾರಿಯಲ್ಲೇ ಸಾಯುತ್ತದೆ. ಇಂಟರ್‌ನೆಟ್ ಮೂಲಕ ಕಳಿಸುವ ಏರ್ಪಾಡಿದ್ದಲ್ಲಿ ಈ ತೊಡಕು ಕಡಿಮೆ, ಆದರೆ ಆಗ ಡೇಟಾ ಬೇಕು. ಜಾಗದ ಹೆಸರು ಗೊತ್ತಿಲ್ಲದ ಪ್ರವಾಸಿಗಳಿಗೇ ಈ ಸೇವೆ ಹೆಚ್ಚು ಬೇಕಿತ್ತು. ಅವರಿಗೇ ಕೈಕೊಡುತ್ತದೆ.

ಆಂಡ್ರಾಯ್ಡ್‌ನ ಇಎಲ್‌ಎಸ್ ಇರುವುದು ಗೂಗಲ್ ಪ್ಲೇ ಸರ್ವಿಸಸ್ ಎಂಬ ಹಿನ್ನೆಲೆ ತಂತ್ರಾಂಶದ ಒಳಗೆ. ಇದರಿಂದ ಹಳೆಯ ಫೋನುಗಳಿಗೂ ಅಪ್‌ಡೇಟ್ ಕಾಯದೆ ಸೇವೆ ಮುಟ್ಟಿತು, ಒಳ್ಳೆಯದೇ. ಪ್ಲೇ ಸರ್ವಿಸಸ್ ಇಲ್ಲದ ಆಂಡ್ರಾಯ್ಡ್ ಫೋನುಗಳಿಗೆ ಅದೇ ಕಾರಣಕ್ಕೆ ಗೂಗಲಿನ ಈ ಸೇವೆಯೂ ಇಲ್ಲ.

ಬಹಳ ಜನ ಎಡವುವ ಇನ್ನೊಂದು ಜಾಗ: ಸೇವೆ ಎಚ್ಚರಗೊಳ್ಳುವುದು ಫೋನು ತುರ್ತು ಸಂಖ್ಯೆ ಎಂದು ಗುರುತಿಸಿದ ನಂಬರಿಗೆ ಮಾತ್ರ. ಆಸ್ಪತ್ರೆಯ ಮಾಮೂಲಿ ನಂಬರ್, ಖಾಸಗಿ ಆಂಬುಲೆನ್ಸಿನ ಮೊಬೈಲ್ ನಂಬರ್, ಪರಿಚಯದ ಪೊಲೀಸರ ನಂಬರ್, ಇವುಗಳಿಗೆ ಕರೆ ಮಾಡಿದರೆ ಫೋನಿನ ಪಾಲಿಗೆ ಅದು ಸಾಧಾರಣ ಕರೆ, ಲೊಕೇಶನ್ ಹೋಗುವುದಿಲ್ಲ. ಚಾಟ್ ಆ್ಯಪ್‌ಗಳ ಕರೆಗಳೂ ಹಾಗೆಯೇ. ವೈಫೈ ಕಾಲಿಂಗ್‌ನಲ್ಲಿ ಕೆಲವು ಕಂಪನಿಗಳು ನೀವು ಹಿಂದೆ ಬರೆದುಕೊಟ್ಟ ವಿಳಾಸವನ್ನೇ ತುರ್ತು ಕೇಂದ್ರಕ್ಕೆ ತೋರಿಸುತ್ತವೆ. ಮನೆ ಬದಲಿಸಿದ ದಿನವೇ ಅದನ್ನೂ ಬದಲಿಸಬೇಕು.

ಕೊನೆಗೆ, ಚುಕ್ಕೆ ತೋರಿಸುವುದು ಕರೆ ಮಾಡಿದ ಫೋನನ್ನು, ಅಪಘಾತವನ್ನಲ್ಲ. ಬಸ್ಸಿನಲ್ಲಿ ಹೋಗುತ್ತ ಕಿಟಕಿಯಿಂದ ಕಂಡ ಬೆಂಕಿಯ ಬಗ್ಗೆ ಐದು ನಿಮಿಷದ ನಂತರ ಕರೆ ಮಾಡಿದವರ ಚುಕ್ಕೆ ಬೆಂಕಿಯಿಂದ ಕಿಲೋಮೀಟರುಗಳಾಚೆ ಇರುತ್ತದೆ. ತಂತ್ರಜ್ಞಾನ ಎಷ್ಟೇ ಸುಧಾರಿಸಿದರೂ ಇದು ಉಳಿಯುವ ತಪ್ಪು, ‘ನೀವು ಈಗ ಅಲ್ಲೇ ಇದ್ದೀರಾ’ ಎಂಬ ಒಂದು ಪ್ರಶ್ನೆ ಮಾತ್ರ ಇದಕ್ಕೆ ಮದ್ದು.

ಪ್ರತ್ಯೇಕ ಆ್ಯಪ್‌ಗಳು ಮತ್ತು ಉಪಗ್ರಹದ ಎಸ್‌ಒಎಸ್

ತುರ್ತು ನೆರವಿನ ಆ್ಯಪ್‌ಗಳಿಗೆ ನಮ್ಮ ಅಂಕ ಎರಡೂವರೆ. ಅವು ಕೆಟ್ಟವೆಂದಲ್ಲ, ಮೊದಲೇ ಇಳಿಸಿಕೊಂಡು, ಅನುಮತಿ ಕೊಟ್ಟು, ಗಾಬರಿಯ ಹೊತ್ತಿನಲ್ಲಿ ನೆನಪಿಟ್ಟು ತೆರೆದವರಿಗಷ್ಟೇ ಅವು ಕೆಲಸಕ್ಕೆ ಬರುತ್ತವೆ. ಬಿದ್ದವರ ಫೋನು ದಾರಿಹೋಕರ ಕೈಯಲ್ಲಿದ್ದರೆ ಲಾಕ್ ಪರದೆಯ ತುರ್ತು ಕರೆ ಬಟನ್ ಮಾತ್ರ ಸಿಗುತ್ತದೆ, ಆ್ಯಪ್ ಸಿಗುವುದಿಲ್ಲ. ಭೂಮಿಯನ್ನು 3 ಮೀಟರ್ ಚೌಕಗಳಾಗಿ ಹೆಚ್ಚಿ ಪ್ರತಿಯೊಂದಕ್ಕೂ ಮೂರು ಪದ ಕೊಡುವ ವಾಟ್‌ಥ್ರೀವರ್ಡ್ಸ್ ಪದ್ಧತಿ ಅಂಕಿ ಓದಲು ಹೆದರುವವರಿಗೆ ಸುಲಭ. ಆದರೆ ಏಕವಚನ ಬಹುವಚನದಷ್ಟು ಸಣ್ಣ ವ್ಯತ್ಯಾಸವೂ ಬೇರೆ ಚೌಕಕ್ಕೆ ಒಯ್ಯುತ್ತದೆ. ಗದ್ದಲದ ಕರೆಯಲ್ಲಿ ಪದಗಳನ್ನು ಅಕ್ಷರ ಬಿಡಿಸಿ ಹೇಳಿಸದೆ ಗಾಡಿ ಕಳಿಸಬಾರದು.

ಉಪಗ್ರಹದ ಎಸ್‌ಒಎಸ್ ಬೇರೆಯದೇ ಕೊರತೆಗೆ ಉತ್ತರ: ಟವರೇ ಇಲ್ಲದ ಜಾಗ. ಐಫೋನ್ 14ರಲ್ಲಿ 2022ರ ನವೆಂಬರ್‌ನಲ್ಲಿ ಅಮೆರಿಕ, ಕೆನಡಾದಲ್ಲಿ ಮೊದಲು ಬಂತು. ಗ್ಲೋಬಲ್‌ಸ್ಟಾರ್ ಎಂಬ ಕಂಪನಿಯ ಉಪಗ್ರಹಗಳ ಮೇಲೆ ಓಡುತ್ತದೆ. ಇಲ್ಲಿ ಮಾತಿಲ್ಲ, ಬರಹ ಮಾತ್ರ. ಏನಾಯಿತು, ಯಾರಿಗೆ ಎಂಬ ಪ್ರಶ್ನೆಗಳಿಗೆ ಮೊದಲೇ ಉತ್ತರ ಆರಿಸಿಕೊಂಡರೆ ಜಾಗದ ಸಮೇತ ಒಟ್ಟಿಗೆ ಹೋಗುತ್ತದೆ. ಆಪಲ್ ಹೇಳುವಂತೆ ತೆರೆದ ಆಕಾಶದಲ್ಲಿ ಒಂದು ಸಂದೇಶಕ್ಕೆ 15 ಸೆಕೆಂಡು, ತೆಳು ಮರಗಳ ಕೆಳಗೆ ಒಂದು ನಿಮಿಷಕ್ಕೂ ಹೆಚ್ಚು. ದಟ್ಟ ಕಾಡಿನಲ್ಲಿ, ಆಳದ ಕೊರಕಲಿನಲ್ಲಿ ಸಿಗದೆಯೂ ಹೋಗಬಹುದು. 62 ಡಿಗ್ರಿ ಅಕ್ಷಾಂಶದಾಚೆ ಭರವಸೆ ಇಲ್ಲ. ಸೇವೆ ಎಲ್ಲ ದೇಶಗಳಲ್ಲೂ ಇಲ್ಲ, ಹೊರಡುವ ಮೊದಲೇ ನೋಡಿಕೊಳ್ಳಬೇಕು. ಫೋನು ಉಪಗ್ರಹದ ದಿಕ್ಕನ್ನು ಪರದೆಯಲ್ಲಿ ತೋರಿಸುತ್ತದೆ, ಆ ಕಡೆ ಹಿಡಿದು ನಿಲ್ಲಬೇಕು. ಸೆಟ್ಟಿಂಗ್ಸ್‌ನಲ್ಲಿ ಡೆಮೊ ಇದೆ. ನಿಜವಾದ ಕೇಂದ್ರಕ್ಕೆ ತೊಂದರೆ ಕೊಡದೆ ಕೈಪಳಗಿಸಿಕೊಳ್ಳಬಹುದಾದ ಸೇವೆ ಇದು ಎಂಬ ಕಾರಣಕ್ಕೆ ಅರ್ಧ ಅಂಕ ಹೆಚ್ಚು ಕೊಟ್ಟಿದ್ದೇವೆ. ಒಟ್ಟು ಮೂರೂವರೆ.

ಈಗಲೇ ನೋಡಿಕೊಳ್ಳಬೇಕಾದ ಸೆಟ್ಟಿಂಗ್ಸ್

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಲೊಕೇಶನ್, ಲೊಕೇಶನ್ ಸರ್ವಿಸಸ್, ಅದರೊಳಗೆ ಎಮರ್ಜೆನ್ಸಿ ಲೊಕೇಶನ್ ಸರ್ವಿಸ್. ಕೆಲವು ಫೋನುಗಳಲ್ಲಿ ‘ಸೇಫ್ಟಿ ಆ್ಯಂಡ್ ಎಮರ್ಜೆನ್ಸಿ’ ಎಂಬ ತಲೆಬರಹದ ಕೆಳಗಿರುತ್ತದೆ. ಐಫೋನಿನಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಲೊಕೇಶನ್ ಸರ್ವಿಸಸ್, ಸಿಸ್ಟಮ್ ಸರ್ವಿಸಸ್, ಅಲ್ಲಿ ಎಮರ್ಜೆನ್ಸಿ ಕಾಲ್ಸ್ ಆ್ಯಂಡ್ ಎಸ್‌ಒಎಸ್. ಎರಡೂ ಆನ್ ಆಗಿರಲಿ. ಬ್ಯಾಟರಿ ಉಳಿಸುವ ಹುಕಿಯಲ್ಲಿ ಸಿಕ್ಕಿದ್ದನ್ನೆಲ್ಲ ಆಫ್ ಮಾಡುವವರು ಇದನ್ನೂ ಆಫ್ ಮಾಡಿಬಿಟ್ಟಿರುತ್ತಾರೆ. ಇದು ತುರ್ತು ಕರೆಯ ಹೊತ್ತಿನಲ್ಲಿ ಮಾತ್ರ ಓಡುವ ಸೇವೆಯಾದ್ದರಿಂದ ಬ್ಯಾಟರಿ ಉಳಿಯುವುದು ಶೂನ್ಯ. ಜಾಗದ ಮಾಹಿತಿ ಫೋನಿನಿಂದ ನೇರ ತುರ್ತು ಸೇವೆಗೆ ಹೋಗುತ್ತದೆ, ತನ್ನ ಕೈಗೆ ಬರುವುದಿಲ್ಲ ಎಂದು ಗೂಗಲ್ ಹೇಳುತ್ತದೆ.

ಐಫೋನಿನಲ್ಲಿ ಆರೋಗ್ಯದ ವಿವರ ಇಡುವ ಮೆಡಿಕಲ್ ಐಡಿಯಲ್ಲಿ ತುರ್ತು ಸಂಪರ್ಕದ ಹೆಸರುಗಳನ್ನು ತುಂಬಿದ್ದರೆ, ಎಸ್‌ಒಎಸ್ ಕರೆ ಮುಗಿದ ಮೇಲೆ ಅವರಿಗೆ ಜಾಗದ ಸಮೇತ ಸಂದೇಶ ಹೋಗುತ್ತದೆ, ಜಾಗ ಬದಲಾದರೆ ಮತ್ತೆ ತಿಳಿಸುತ್ತದೆ. ಆಸ್ಪತ್ರೆಗೆ ಸಾಗಿಸುವಾಗ ಮನೆಯವರಿಗೆ ಇದರಿಂದ ಬಹಳ ಅನುಕೂಲ.

ಸೇವೆ ಕೆಲಸ ಮಾಡುತ್ತದೆಯೇ ಎಂದು ನೋಡಲು ತುರ್ತು ಸಂಖ್ಯೆಗೆ ಕರೆ ಮಾಡಬೇಡಿ. ಜೇಬಿನಲ್ಲಿ ಒತ್ತಿ ಕರೆ ಹೋಗಿಬಿಟ್ಟರೆ ಗಾಬರಿಯಿಂದ ಕಡಿಯಬೇಡಿ. ‘ತಪ್ಪಿ ಹೋಯಿತು, ಏನೂ ತೊಂದರೆ ಇಲ್ಲ’ ಎಂದು ಹೇಳಿ ಇಡಿ. ಮಾತಿಲ್ಲದೆ ಕಡಿದ ಕರೆಗೆ ಕೇಂದ್ರದವರು ವಾಪಸು ಕರೆ ಮಾಡಿ ವಿಚಾರಿಸಬೇಕಾಗುತ್ತದೆ.

ಅಂಕಿಯನ್ನು ಬಾಯಲ್ಲಿ ಓದುವ ಪ್ರಸಂಗ ಬಂದರೆ ದಶಾಂಶದ ರೂಪದಲ್ಲೇ ಓದಿ. ದಶಾಂಶದ ನಂತರ ಐದು ಅಂಕಿ ಎಂದರೆ ಅಕ್ಷಾಂಶದಲ್ಲಿ ಸುಮಾರು 1 ಮೀಟರ್, ನಾಲ್ಕು ಎಂದರೆ 11 ಮೀಟರ್, ಮೂರು ಎಂದರೆ 110 ಮೀಟರ್. ನಾಲ್ಕು ಓದಿದರೆ ಧಾರಾಳ. ಡಿಗ್ರಿ ಮತ್ತು ನಿಮಿಷದ ರೂಪವನ್ನು ದಶಾಂಶವೆಂದು ಬರೆದುಕೊಳ್ಳುವುದು ಹಳೆಯ ಶತ್ರು: 40 ಡಿಗ್ರಿ 30 ನಿಮಿಷ ಎಂದರೆ 40.5, 40.30 ಅಲ್ಲ. ಈ ಎರಡರ ನಡುವೆ 22 ಕಿಲೋಮೀಟರ್ ಇದೆ. ಅಕ್ಷಾಂಶ ರೇಖಾಂಶ ಅದಲುಬದಲಾಗುವುದು ಇನ್ನೊಂದು. ಕೆಲವು ತಂತ್ರಾಂಶಗಳು ರೇಖಾಂಶವನ್ನು ಮೊದಲು ಬರೆಯುತ್ತವೆ. ಖಾಲಿ ಬಿಟ್ಟ ಅಂಕಣವನ್ನು ತಂತ್ರಾಂಶ ಸೊನ್ನೆ ಎಂದು ಓದಿದರೆ ಪಿನ್ ಆಫ್ರಿಕಾದ ಪಶ್ಚಿಮಕ್ಕೆ ಸಮುದ್ರದ ಮೇಲೆ ಬೀಳುತ್ತದೆ. ಅದು ಕರೆ ಮಾಡಿದವರ ಜಾಗವಲ್ಲ, ‘ಪಿಎಂ ಎನ್’ ಎಂದು ತಿಳಿದು ಬಾಯಲ್ಲೇ ಕೇಳಿ: ಹತ್ತಿರ ಕಾಣುವ ಬೋರ್ಡು ಯಾವುದು, ಕೊನೆಯದಾಗಿ ದಾಟಿದ ಊರು ಯಾವುದು, ಕಿಲೋಮೀಟರ್ ಕಲ್ಲಿನ ಮೇಲೆ ಏನು ಬರೆದಿದೆ.